ನನ್ನ ಬೆನ್ನಿಗೆ ಒಂದು ಕಿವಿ ಬೇಕಾಗಿತ್ತು

ಬೆನ್ನು ನೋವು ಅಂತ ಒಂದು ಮಾತು ಬಾಯಿಂದ ಬಿದ್ದರೆ ಸಾಕು, ಎದುರಿಗೆ ಇರುವವರು ಯಾರೇ ಆಗಿರಲಿ, ನಿಂತ ಕಾಲಲ್ಲೇ ಡಾಕ್ಟರಾಗಿಬಿಡುತ್ತಾರೆ. ನನಗೆ ಇದು ವಾರಕ್ಕೆ ಮೂರು ಸಲ ಆಗುತ್ತದೆ. ಹಾಲು ಹಾಕುವವನು ಹರಳೆಣ್ಣೆ ಹೇಳುತ್ತಾನೆ. ಬಸ್ಸಿನಲ್ಲಿ ಪಕ್ಕ ಕೂತವಳು ಹುರುಳಿ ಶಾಖ ಹೇಳುತ್ತಾಳೆ. ನಮ್ಮ ಆಫೀಸಿನ ವಾಚ್‌ಮನ್ ಅಂತೂ ವರಾಂಡದಲ್ಲಿ ಬೋರಲು ಮಲಗಿ ಆಸನ ತೋರಿಸಿಯೇ ಬಿಟ್ಟ. ಹೇಳುವವರಿಗೆ ಬರವಿಲ್ಲ. ಎಲ್ಲಿ ನೋಯುತ್ತೆ, ಹೇಗೆ ನೋಯುತ್ತೆ ಅಂತ ಕೇಳಿ, ಉತ್ತರ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಕೂತಿರುವವರು ಮಾತ್ರ ದುರ್ಬೀನು ಹಾಕಿ ಹುಡುಕಿದರೂ ಸಿಗುತ್ತಿರಲಿಲ್ಲ.

ನಾನು ದೇವನಹಳ್ಳಿ ತಾಲ್ಲೂಕಿನಲ್ಲಿ ಸರ್ವೆಯರ್. ಜಮೀನು ಅಳೆಯುವುದು, ಗಡಿ ಗುರುತಿಸಿ ಕಲ್ಲು ನೆಡಿಸುವುದು ನನ್ನ ಕೆಲಸ. ಮನೆ ಆವತಿಯಲ್ಲಿ. ವರ್ಷಗಳ ಹಿಂದೆ ಒಂದು ಹೊಲದ ಬದುವಿನ ಮೇಲಿಂದ ಜಾರಿ ಕುಂಡಿಯೂರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಒಂದು ತೊಟ್ಟು ರಕ್ತ ಬರಲಿಲ್ಲ. ಸೊಂಟದಿಂದ ಎಡಗಾಲಿನ ಹಿಮ್ಮಡಿಯ ತನಕ ಒಂದು ನೋವು ಬಂತು, ಬಂದದ್ದು ಹೋಗಲೇ ಇಲ್ಲ. ನನಗೆ ಈ ಕೆಲಸ ಇಷ್ಟ. ಹೊಲ ತುಳಿಯದೆ ಈ ಕೆಲಸ ಆಗುವುದಿಲ್ಲ. ಹೀಗೇ ಆದರೆ ಕೆಲಸ ಬಿಡಬೇಕಾಗುತ್ತದೆ ಅನ್ನುವ ಹೆದರಿಕೆ ನೋವಿಗಿಂತ ಹೆಚ್ಚು ನೋಯಿಸುತ್ತಿತ್ತು.

ಇದನ್ನು ನಗಿಸಲಿಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಸಿಟ್ಟಿಗೆ ಬರೆಯುತ್ತಿದ್ದೇನೆ. ನಡುವೆ ನಗು ಬಂದರೆ ನಕ್ಕುಬಿಡಿ, ನನ್ನ ಅಭ್ಯಂತರವೇನೂ ಇಲ್ಲ.

ಚೆನ್ನಾಗಿರುವ ಫಿಲಂ

ಮೂಳೆ ಡಾಕ್ಟರು ನನ್ನ ಸ್ಕ್ಯಾನಿಂಗ್ ಫಿಲಮ್ಮನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

"ಚೆನ್ನಾಗಿದೆಯಲ್ಲಮ್ಮ. ವಯಸ್ಸಿಗೆ ತಕ್ಕ ಹಾಗಿದೆ."

"ನೋವು ತುಂಬಾ ಇದೆ ಸಾರ್."

"ಫಿಲಮ್ಮಲ್ಲಿ ಏನೂ ಇಲ್ಲವಲ್ಲ."

"ಹಾಗಾದ್ರೆ ನಾಳೆ ಹೊಲಕ್ಕೆ ಫಿಲಮ್ಮನ್ನೇ ಕಳಿಸ್ತೀನಿ ಸಾರ್, ಅದು ಚೆನ್ನಾಗಿದೆಯಲ್ಲ. ನಾನು ಮನೇಲಿ ಮಲಗ್ತೀನಿ," ಅಂದೆ.

ಅವರಿಗೆ ನಗು ಬರಲಿಲ್ಲ. ನನಗೂ ಬಂದಿರಲಿಲ್ಲ. "ಮನೇಲಿ ಏನಾದ್ರೂ ಜಗಳವಾ?" ಅಂತ ಕೇಳಿ ಮಾತ್ರೆ ಬರೆದುಕೊಟ್ಟರು. ಹೀಗೆ ಮೂರು ಡಾಕ್ಟರಾದರು. ಮೂವರೂ ನನ್ನ ಫಿಲಮ್ಮನ್ನು ಹೊಗಳಿದರು. ಮಗಳ ಮಾರ್ಕ್ಸ್ ಕಾರ್ಡಿಗೂ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ.

ನಾಲ್ಕನೆಯವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಕೆ ಫಿಲಂ ಪಕ್ಕಕ್ಕಿಟ್ಟು, "ರಾತ್ರಿ ನಿದ್ದೆ ಬರುತ್ತಾ?" ಅಂತ ಕೇಳಿದರು. ಅಷ್ಟು ಕೇಳಿದ್ದಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ, "ಮಾತ್ರೆಯಿಂದ ಆಗೋ ಕೆಲಸ ಆಗಿದೆ. ನೋವಿನ ಜೊತೆ ಬದುಕೋದನ್ನ ಕಲಿಸೋ ಕೌನ್ಸೆಲರ್ ಇರ್ತಾರೆ, ಅಂಥವರನ್ನ ಯಾರನ್ನಾದ್ರೂ ನೋಡಿ," ಅಂದರು.

ಬಂದ ಕಣ್ಣೀರು ಅಲ್ಲೇ ಇಂಗಿತು. "ಅಂದ್ರೆ ನಂಗೆ ಹುಚ್ಚು ಅಂತೀರಾ?"

"ಖಂಡಿತ ಇಲ್ಲ. ನಿಮ್ಮ ನೋವು ನಿಜ. ಇಷ್ಟು ವರ್ಷದ ನೋವು ಬರೀ ಬೆನ್ನಲ್ಲೇ ಇರೋದಿಲ್ಲ ಅಷ್ಟೆ. ನಿದ್ದೆಗೂ ಸೇರ್ಕೊಳ್ಳುತ್ತೆ, ಯೋಚನೆಗೂ ಸೇರ್ಕೊಳ್ಳುತ್ತೆ. ನಿಮಗೆ ಈಚೆಗೆ ಸಿಟ್ಟು ಜಾಸ್ತಿ ಬರ್ತಾ ಇದೆಯಾ?"

"ಇಲ್ಲ," ಅಂತ ಮೇಜು ಗುದ್ದಿ ಹೇಳಿದೆ.

ದೇವರ ಕೆಲಸ

ಸಿಟ್ಟು ಇಳಿದ ಮೇಲೆ, ಹೋಗಿಯೇ ನೋಡೋಣ ಅನ್ನಿಸಿತು. ರಜೆ ಚೀಟಿಯಲ್ಲಿ ಕಾರಣದ ಜಾಗದಲ್ಲಿ 'ಮನಶ್ಶಾಸ್ತ್ರಜ್ಞರ ಭೇಟಿ' ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಮ್ಮ ಮೇಲ್ವಿಚಾರಕರು ಅದನ್ನು ಓದಿ, ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡು ಬಂದರು.

"ಏನಮ್ಮಾ ಇದು. ಇದು ಫೈಲಿಗೆ ಹೋದ್ರೆ ನಾಳೆ ಯಾವನಾದ್ರೂ ಅಳತೆ ಮಾಡಿದವರಿಗೆ ತಲೆ ಸರಿಯಿಲ್ಲ ಅಂತ ಅಪೀಲು ಹಾಕ್ತಾನೆ. ನೀವು ಇಷ್ಟು ವರ್ಷ ಅಳೆದ ಜಮೀನನ್ನೆಲ್ಲ ಯಾರು ವಾಪಸ್ ಅಳೀಬೇಕು?"

"ನಂಗೆ ಬೆನ್ನು ನೋವು ಸಾರ್. ತಲೆ ಸರಿಯಾಗೇ ಇದೆ."

"ಇರ್ಲಮ್ಮ, ಇದ್ರೆ ಇರ್ಲಿ. ದೇವರ ಕೆಲಸ ಅಂತ ಬರೀರಿ."

ಹೊಸ ಚೀಟಿ ಬರೆದೆ. ಓದದೆ ಸಹಿ ಹಾಕಿದರು. ನಿಜ ಬರೆದರೆ ಕಾಗದ ಮುಂದಕ್ಕೆ ಹೋಗುವುದಿಲ್ಲ, ದೇವರ ಮೇಲೆ ಸುಳ್ಳು ಬರೆದರೆ ಎರಡು ನಿಮಿಷದ ಕೆಲಸ. ನನಗೆ ಮೈಯೆಲ್ಲ ಉರಿದುಹೋಯಿತು, ಆದರೆ ರಜೆ ಬೇಕಾಗಿತ್ತು. ಆಮೇಲೆ ಪ್ರತಿ ಸಲವೂ ಅದನ್ನೇ ಬರೆದೆ. ಈಗ ಇಡೀ ಆಫೀಸಿನಲ್ಲಿ ನನ್ನಷ್ಟು ದೈವಭಕ್ತೆ ಇನ್ನೊಬ್ಬಳಿಲ್ಲ. ರಜೆ ಮುಗಿಸಿ ಬಂದ ದಿನ ಮೇಲ್ವಿಚಾರಕರೇ ಎಲ್ಲರ ಎದುರಿಗೆ ಕೈ ಚಾಚಿ, "ಎಲ್ಲಮ್ಮಾ ಪ್ರಸಾದ?" ಅಂತ ಕೇಳುತ್ತಾರೆ.

ಕಾಲು ಮುಂದಾಗಿ ಹುಟ್ಟಿದವರು

ಮನೆಯಲ್ಲಿ ವಿಷಯ ಹೇಳಿದಾಗ ನನ್ನ ಗಂಡ ಮೊದಲು ಕಿಟಕಿ ಮುಚ್ಚಿದರು.

"ಮೆಲ್ಲಗೆ ಮಾತಾಡು. ಮಗಳಿಗೆ ಗಂಡು ನೋಡ್ತಾ ಇದ್ದೀವಿ. ತಾಯಿ ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಾಳೆ ಅಂತ ಗೊತ್ತಾದ್ರೆ ಯಾರು ಬರ್ತಾರೆ?"

"ಬೆನ್ನು ಹಿಡ್ಕೊಂಡು ಬೊಂಬೆ ಥರ ನಡೆಯೋ ತಾಯೀನ ನೋಡಿದ್ರೆ ಬರ್ತಾರಾ?" ಅಂದೆ. ಅವರು ಇನ್ನೊಂದು ಕಿಟಕಿಯನ್ನೂ ಮುಚ್ಚಿದರು. ಉತ್ತರ ಕೊಟ್ಟವರು ಅತ್ತೆ.

"ಮನಸ್ಸಿನ ಡಾಕ್ಟ್ರು ಯಾಕ್ ಕಣಮ್ಮ? ಕಾಲು ಮುಂದಾಗಿ ಹುಟ್ಟಿದೋರನ್ನ ಕರೆಸಿ ಸೊಂಟಕ್ಕೆ ಮೂರು ಒದೆಸಿದ್ರೆ ಆಯ್ತು."

ನಮ್ಮ ಕಡೆ ಇದೊಂದು ನಂಬಿಕೆ. ಹೆರಿಗೆಯಲ್ಲಿ ತಲೆಯ ಬದಲು ಕಾಲು ಮೊದಲು ಬಂದ ಮಗುವಿಗೆ ಕಾಲಿನಲ್ಲಿ ಶಕ್ತಿ ಇರುತ್ತದಂತೆ. ಬೆಳೆದ ಮೇಲೆ ಆ ಕಾಲಲ್ಲಿ ಒದ್ದರೆ ಸೊಂಟದ ಉಳುಕು ಬಿಡುತ್ತದಂತೆ. ಒದೆ ಅಂದರೆ ಸುಮ್ಮನೆ ತಾಗಿಸುವುದು ಅಷ್ಟೆ ಅಂತ ಅತ್ತೆ ಭರವಸೆ ಕೊಟ್ಟರು. ಎರಡು ದಿನ ಆಗುವುದಿಲ್ಲ ಅಂದೆ. ಮೂರನೆಯ ದಿನ ಪಾತ್ರೆ ತೊಳೆಯಲು ಬಗ್ಗಿದವಳಿಗೆ ಮೇಲಕ್ಕೆ ಏಳಲಾಗಲಿಲ್ಲ. ಒಪ್ಪಿಕೊಂಡೆ. ನೋವು ಇರುವವರಿಗೆ ಮಾನ ಸ್ವಲ್ಪ ಕಡಿಮೆಯೇ ಇರುತ್ತದೆ.

ಅತ್ತೆ ಹಾಲಿನ ಡೈರಿಯಲ್ಲಿ ವಿಚಾರಿಸಿ, ಪಕ್ಕದ ಊರಿನಿಂದ ಒಬ್ಬರನ್ನು ಹುಡುಕಿದರು. ಭಾನುವಾರ ಬೆಳಿಗ್ಗೆ ಹೊಸಿಲ ಹತ್ತಿರ ಬಾಗಿಲು ಹಿಡಿದು ಬೆನ್ನು ತಿರುಗಿಸಿ ನಿಂತೆ. ಬಂದವರು ಯಾರು ಅಂತ ಹಿಂತಿರುಗಿ ನೋಡಿದೆ. ಗುರುತಿನ ಮುಖ.

ಹಿಂದಿನ ತಿಂಗಳಷ್ಟೇ ಅವರ ಜಮೀನು ಅಳೆದಿದ್ದೆ. ಪಕ್ಕದವರ ಮೂರು ಗುಂಟೆ ಅವರ ಬೇಲಿಯೊಳಗೆ ಸೇರಿಕೊಂಡಿತ್ತು. ಅಳೆದು, ಕಲ್ಲು ನೆಡಿಸಿ, ಬಿಡಿಸಿಕೊಟ್ಟಿದ್ದೆ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಗೇಣು ನೆಲಕ್ಕೂ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಅಂಥಾದ್ದರಲ್ಲಿ ಮೂರು ಗುಂಟೆ ಹೋದರೂ ಈ ಮನುಷ್ಯ ಆ ದಿನ ಒಂದು ಮಾತಾಡದೆ ನನ್ನನ್ನೇ ನೋಡುತ್ತಾ ನಿಂತಿದ್ದರು.

"ಓ, ಸರ್ವೆ ಮೇಡಮ್ಮೋರಾ," ಅಂದರು, ಬಹಳ ಗೌರವದಿಂದ. ಕಾಲು ತೊಳೆದುಕೊಂಡರು. ಪಂಚೆ ಎತ್ತಿ ಕಟ್ಟಿದರು. ಪೂರ್ವಕ್ಕೆ ತಿರುಗಿ ಕೈ ಮುಗಿದರು. ಮೊದಲನೆಯ ಒದೆಗೇ ನನ್ನ ಹಣೆ ಬಾಗಿಲಿಗೆ ಬಡಿಯಿತು. ಎರಡನೆಯದಕ್ಕೆ ಬಾಗಿಲೇ ತೆರೆದುಕೊಂಡು ನಾನು ಒಳಗಿದ್ದೆ. ಸಾಕು ಅಂತ ಕೂಗಿದೆ. "ಅರ್ಧಕ್ಕೆ ನಿಲ್ಲಿಸ್ಬಾರ್ದು ಕಣಮ್ಮ, ದೋಷ," ಅಂತ ಅತ್ತೆ ನನ್ನನ್ನು ಹಿಡಿದು ವಾಪಸ್ ನಿಲ್ಲಿಸಿದರು. ಮೂರನೆಯದಕ್ಕೆ ಆ ಮನುಷ್ಯ ಅಂಗಳದ ಕಡೆಗೆ ಐದಾರು ಹೆಜ್ಜೆ ಹಿಂದಕ್ಕೆ ಹೋದರು.

ಅದಾದ ಮೇಲೆ ನಾನು ಒಂದು ವಾರ ಬೋರಲು ಮಲಗಿದೆ. ಅವರಿಗೆ ಅತ್ತೆ ಕಾಫಿ ಕೊಟ್ಟು ಉಪಚಾರ ಮಾಡಿದರು. ಹೊರಡುವಾಗ ಅವರು ಹೇಳಿದ್ದು ಒಳಗೆ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇನ್ನೂ ನೋವಿದ್ರೆ ಹೇಳಿ ಕಳ್ಸಿ ತಾಯಿ, ಸಂಕೋಚ ಬ್ಯಾಡ. ಆ ಜಮೀನಲ್ಲಿ ನಮ್ ತಮ್ಮನ್ದೂ ಭಾಗ ಐತೆ. ಅವನೂ ಕಾಲು ಮುಂದಾಗೇ ಹುಟ್ಟಿರೋದು."

ಮೂವತ್ತು ನಲವತ್ತರ ಸೈಟು

ಎದ್ದು ಓಡಾಡುವ ಹಾಗಾದ ಮೇಲೆ, ಕೊನೆಗೂ ದೇವನಹಳ್ಳಿಯಲ್ಲೇ ಇರುವ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಮೇಜಿನ ಮೇಲೆ ಅಳುವವರಿಗೆ ಅಂತ ಒಂದು ಡಬ್ಬಿ ಕಾಗದದ ಕರ್ಚೀಫು. ನನ್ನ ವಯಸ್ಸಿನ ನಗುಮುಖದ ಹೆಂಗಸು. ನೋಟ್‌ಪುಸ್ತಕ ತೆರೆದು, "ನಿಮ್ಮ ಬಗ್ಗೆ ಹೇಳಿ," ಅಂದರು. ಎಷ್ಟು ವರ್ಷದಿಂದ ಕಾದಿದ್ದ ಮಾತು. ಹೆಸರು ಹೇಳಿದೆ, ಊರು ಹೇಳಿದೆ, ಸರ್ವೆಯರ್ ಅಂದೆ.

ಪೆನ್ನು ನಿಂತಿತು.

"ಸರ್ವೆಯರ್ರಾ? ಇದೇ ತಾಲ್ಲೂಕಾ?"

"ಹೌದು."

ಆಕೆ ನೋಟ್‌ಪುಸ್ತಕದ ಹಾಳೆ ತಿರುಗಿಸಿ ಒಂದು ಚೌಕ ಬರೆದರು. "ಇದು ನಮ್ಮ ಸೈಟು ಮೇಡಂ. ಮೂವತ್ತು ನಲವತ್ತು. ಇಲ್ಲಿ ರಸ್ತೆ. ಈ ಪಕ್ಕದವರು ಕಾಂಪೌಂಡ್ ಹಾಕುವಾಗ ಎರಡು ಅಡಿ ಒಳಗೆ ಬಂದಿದ್ದಾರೆ. ಕೇಳಿದ್ರೆ ನಾಯಿ ಛೂ ಬಿಡ್ತಾರೆ. ನಮ್ಮ ಯಜಮಾನ್ರು ಹೋಗ್ಲಿ ಬಿಡು ಅಂತಾರೆ. ಹೇಗೆ ಬಿಡೋದು ಮೇಡಂ?"

ಹೇಳುತ್ತಾ ಹೇಳುತ್ತಾ ಆಕೆ ಅಳಲಿಕ್ಕೇ ಶುರುಮಾಡಿದರು. ಆ ಡಬ್ಬಿಯಿಂದ ಒಂದು ಕಾಗದ ಎಳೆದು ನಾನೇ ಕೊಟ್ಟೆ. "ಎಷ್ಟು ದಿನದಿಂದ ಹೀಗಾಗ್ತಿದೆ? ನಿದ್ದೆ ಬರುತ್ತಾ?" ಅಂತ ನಾನೇ ಕೇಳಿದೆ. ಕೇಳದೆ ಏನು ಮಾಡಲಿ, ಎದುರಿಗೆ ಮನುಷ್ಯರು ಅಳುತ್ತಿದ್ದಾರೆ. ನನ್ನ ಕಾಲು ಜೋಮು ಹಿಡಿದು ಹೋಗಿತ್ತು, ಆದರೂ ಮುಕ್ಕಾಲು ಗಂಟೆ ಅಲ್ಲಾಡದೆ ಕೂತು ಪೂರ್ತಿ ಕೇಳಿಸಿಕೊಂಡೆ. ಒಳಗೊಳಗೆ ಕುದಿಯುತ್ತಿದ್ದೆ.

ಟೈಮಾದಾಗ ಆಕೆ ಮುಖ ಒರೆಸಿಕೊಂಡು ದೀರ್ಘವಾಗಿ ಉಸಿರುಬಿಟ್ಟರು. "ಮನಸ್ಸು ಎಷ್ಟು ಹಗುರ ಆಯ್ತು ಮೇಡಂ. ಒಂದೇ ಸಲಕ್ಕೆ ಎಲ್ಲಾ ಸರಿಹೋಗಲ್ಲ, ನಿಧಾನಕ್ಕೆ ಆಗುತ್ತೆ. ಮುಂದಿನ ವಾರ ಇದೇ ಟೈಮಿಗೆ ಬನ್ನಿ, ಕ್ರಯಪತ್ರ ತಂದಿಟ್ಟಿರ್ತೀನಿ."

ಅತ್ತೆಯ ಡಾಕ್ಟರಮ್ಮ

ಫೋನಿನಲ್ಲೇ ವಿಡಿಯೋ ಹಾಕಿ ಮಾತಾಡುವ ಕೌನ್ಸೆಲರ್‌ಗಳೂ ಇದ್ದಾರೆ ಅಂತ ಮಗಳು ಹುಡುಕಿಕೊಟ್ಟಳು. ಬೆಂಗಳೂರಿನ ಹುಡುಗಿ, ಚೆನ್ನಾದ ಕನ್ನಡ, ಮೆಲ್ಲನೆಯ ದನಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ನಡುಮನೆಯ ಒಂದು ಮೂಲೆಯಲ್ಲಿ ಮಾತ್ರ. ಅದು ಅತ್ತೆ ಕೂರುವ ಮೂಲೆ. ಅವರೆಕಾಯಿ ಕಾಲ ಬೇರೆ. ಮೊರದ ತುಂಬ ಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಿದ್ದರು.

"ಅತ್ತೆ, ಸ್ವಲ್ಪ ಒಳಗೆ ಕೂತ್ಕೊಳ್ತೀರಾ?"

"ನೀನ್ ಮಾತಾಡಮ್ಮ. ನಂಗೇನ್ ಕಿವಿ ಕೇಳ್ಸುತ್ತಾ?"

ಅತ್ತೆಗೆ ಬೇಡದ್ದು ಕೇಳಿಸುವುದಿಲ್ಲ, ಬೇಕಾದ್ದು ಪಕ್ಕದ ಬೀದಿಯದ್ದೂ ಕೇಳಿಸುತ್ತದೆ. ಹುಡುಗಿ, "ನೋವು ಬಂದಾಗ ಮನಸ್ಸಿಗೆ ಏನನ್ಸುತ್ತೆ?" ಅಂತ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಉತ್ತರ ಹೋಯಿತು.

"ಸಾಯ್ಬೇಕು ಅನ್ಸುತ್ತೆ ಕಣಮ್ಮ. ಈ ಮಂಡಿ ಐತಲ್ಲ, ಬಲಗಡೇದು, ಇವ್ರ ಮಾವ ಇದ್ದಾಗ್ಲಿಂದ್ಲೂ ಹಿಂಗೇ."

ಹುಡುಗಿ ಪಾಪ ಒಳ್ಳೆಯವಳು. "ಅಜ್ಜಿ, ನೀವೂ ಹೇಳಿ," ಅಂದಳು. ಅಷ್ಟೇ ತಪ್ಪಾದದ್ದು. ಅತ್ತೆ ಫೋನು ನನ್ನ ಕೈಯಿಂದ ತಗೊಂಡು ಮೊರದ ಅಂಚಿಗೆ ಒರಗಿಸಿಕೊಂಡರು. ಮಂಡಿ ಆಯಿತು, ಹದಿನಾರಕ್ಕೆ ಮದುವೆಯಾಗಿ ಬಂದದ್ದು ಆಯಿತು, ಬಸಿರಲ್ಲಿ ನೀರು ಹೊತ್ತದ್ದು, ಸತ್ತುಹೋದ ಮೊದಲ ಮಗುವಿನ ವಿಷಯ. ಆ ಮಗುವಿನ ವಿಷಯ ನನಗೆ ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ದಿನವೂ ಹೇಳಿರಲಿಲ್ಲ. ಹುಡುಗಿ ಕಣ್ಣು ಒರೆಸಿಕೊಂಡಳು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದೆ. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ.

ಈಗ ಗುರುವಾರ ಬಂದರೆ ಅತ್ತೆ ಒಗೆದ ಸೀರೆ ಉಟ್ಟು ಆ ಮೂಲೆಯಲ್ಲಿ ಕೂತಿರುತ್ತಾರೆ. ಕಳೆದ ವಾರ ನಾನು ನೀರು ಕುಡಿಯಲು ಆ ಕಡೆ ಹೋದೆ. ಅತ್ತೆ ಫೋನಿಗೆ ಕೈ ಅಡ್ಡ ಇಟ್ಟು, "ಸ್ವಲ್ಪ ಒಳಗಿರಮ್ಮ, ನಾವು ನಿನ್ನ ವಿಷ್ಯಾನೇ ಮಾತಾಡ್ತಿದ್ದೀವಿ," ಅಂದರು.

ಖಾಲಿ ಕುರ್ಚಿ

ದೊಡ್ಡಬಳ್ಳಾಪುರದಲ್ಲಿ ಬಿತ್ತನೆ ಬೀಜದ ಅಂಗಡಿಯ ಮಹಡಿಯ ಮೇಲೆ ಇನ್ನೊಬ್ಬರು ಇದ್ದಾರೆ ಅಂತ, ಮೊದಲು ನನ್ನ ನಿದ್ದೆ ವಿಚಾರಿಸಿದ್ದ ಆ ಚಿಕ್ಕ ಡಾಕ್ಟರಮ್ಮನೇ ಹೇಳಿ ಕಳಿಸಿದರು. ಹೋಗುವ ಮೊದಲೇ ತೀರ್ಮಾನ ಮಾಡಿದ್ದೆ. ಇದು ಕೊನೆಯ ಸಲ. ಇಲ್ಲೂ ಆಗದಿದ್ದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೆಯಲ್ಲಿ ಬಿದ್ದಿರುವುದು.

ಇಪ್ಪತ್ತಮೂರು ಮೆಟ್ಟಿಲು, ಕಡಿದಾದವು. ನೋವಿನವರನ್ನು ನೋಡುವ ಮನುಷ್ಯ ಮಹಡಿ ಮೇಲೆ ಯಾಕೆ ಕೂತಿದ್ದಾನೋ ಅಂತ ಒಂದೊಂದು ಮೆಟ್ಟಿಲಿಗೂ ಬೈಯುತ್ತಾ ಹತ್ತಿದೆ. ಒಳಗೆ ಅರವತ್ತು ದಾಟಿದ ಒಬ್ಬರು ಕೂತಿದ್ದರು. ಏನು ಕೆಲಸ ಅಂತ ಕೇಳಿದಾಗ ಮುನ್ನೆಚ್ಚರಿಕೆಯಿಂದ, "ಟೀಚರ್," ಅಂದೆ. ಅವರು, "ಸರಿ, ಹೇಳಿ," ಅಂದು ಸುಮ್ಮನಾದರು. ನಾನು ಕಾದೆ. ಹರಳೆಣ್ಣೆ ಹೇಳಲಿಲ್ಲ. ಹುರುಳಿ ಶಾಖ ಹೇಳಲಿಲ್ಲ. ಅವರ ಅತ್ತಿಗೆಗೂ ಹೀಗೇ ಆಗಿತ್ತು ಅಂತ ಹೇಳಲಿಲ್ಲ. ಆಗ ಶುರು ಮಾಡಿದವಳು ಬದುವಿನಿಂದ ಬಿದ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಟೀಚರ್ ಅಲ್ಲ ಅನ್ನುವುದನ್ನೂ ಹೇಳಿದೆ. ಅವರಿಗೆ ಯಾವ ಸೈಟೂ ನೆನಪಾಗಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಎದುರಿಗೆ ಎಳೆದಿಟ್ಟರು.

"ನಿಮ್ಮ ನೋವು ಒಬ್ಬ ಮನುಷ್ಯ ಅಂದ್ಕೊಳ್ಳಿ. ಇಲ್ಲಿ ಕೂತಿದ್ದಾನೆ. ಅವನಿಗೆ ಏನ್ ಹೇಳ್ಬೇಕು ಅನ್ಸುತ್ತೋ ಹೇಳಿ."

"ಇದೇನ್ ಸಾರ್ ನಾಟಕ," ಅಂದೆ.

"ನಾಟಕಾನೇ. ಆಡಿ ನೋಡಿ."

ಎದುರು ಬೀದಿಯಲ್ಲಿ ಮನೆಮನೆಯಲ್ಲೂ ಪವರ್‌ಲೂಮ್ ಮಗ್ಗ, ಬೆಳಗಿನಿಂದ ಖಟಖಟ ಅನ್ನುತ್ತಲೇ ಇರುತ್ತವೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಅನ್ನುವ ಧೈರ್ಯ ಬಂತು. ಮೊದಲು ಮೆಲ್ಲಗೆ ಒಂದು ಮಾತು ಅಂದೆ. ಆಮೇಲೆ ಯಾರು ತಡೆದರೂ ನಿಲ್ಲುವ ಹಾಗಿರಲಿಲ್ಲ.

"ಲೋ, ಹನ್ನೊಂದು ವರ್ಷ ಆಯ್ತಲ್ಲೋ ಬಂದು ಸೇರ್ಕೊಂಡು. ನಿನ್ನ ಕರೆದೋರ್ಯಾರು? ನಾಲ್ಕು ದಿನ ಇದ್ದು ಹೋಗ್ತೀಯ ಅಂತ ಸುಮ್ನಿದ್ರೆ ಮೂಲೆಮೂಲೆಗೂ ಕಾಲು ಚಾಚಿದೀಯಲ್ಲ. ದುಡಿಯೋಳು ನಾನು, ಕೂತ್ಕೊಂಡು ತಿನ್ನೋನು ನೀನು. ನನ್ನ ಮಗಳು ಸ್ಕೂಲಲ್ಲಿ ಡ್ಯಾನ್ಸ್ ಮಾಡಿದ ದಿನ ಹೋಗಿ ಒಂದು ಗಂಟೆ ನೆಮ್ಮದಿಯಾಗಿ ಕೂತ್ಕೊಳ್ಳೋಕೆ ಬಿಡ್ಲಿಲ್ಲ ನೀನು. ಹಬ್ಬ ಅಂತ ನೋಡ್ಲಿಲ್ಲ, ಹುಣ್ಣಿಮೆ ಅಂತ ನೋಡ್ಲಿಲ್ಲ. ಊರೋರೆಲ್ಲ ನನ್ನೇ ಸುಳ್ಳಿ ಅಂತಾರೆ, ನಿನ್ನ ಒಬ್ರೂ ಕೇಳಲ್ಲ. ಇದು ನಂದು ಕಣೋ. ಎದ್ದು ಹೋಗೋ ಆಚೆಗೆ."

ಇದರ ನಡುವೆ ಎಲ್ಲೋ ಕರೆಂಟು ಹೋಗಿತ್ತು. ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ನಾನು ನಿಂತಿರಲಿಲ್ಲ. ಮುಗಿದಾಗ ಸೆರಗು ಪೂರ್ತಿ ಒದ್ದೆಯಾಗಿತ್ತು. ನೋವು ಇತ್ತು, ಹೋಗಿರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಮೊದಲ ಸಲ, ಬೈಸಿಕೊಳ್ಳಬೇಕಾದವನಿಗೇ ಬೈದಿದ್ದೆ. ಅವರು ಒಂದು ಲೋಟ ನೀರು ಕೊಟ್ಟು, "ಮುಂದಿನ ವಾರ ಬನ್ನಿ," ಅಂದರು. ನೋಡೋಣ ಅಂದುಕೊಂಡು ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ನಾಲ್ಕೂ ಜನ ನನ್ನನ್ನೇ ನೋಡುತ್ತಿದ್ದರು. ಅಲ್ಲೇ ಹತ್ತಿರದ ಮಧುರೆ ಹೋಬಳಿಯ ಒಬ್ಬ ವಯಸ್ಸಾದ ರೈತರು, ಹೆಂಡತಿಯನ್ನು ತೋರಿಸಲು ಕರೆದುಕೊಂಡು ಬಂದವರು, ಎದ್ದು ನನಗೆ ಜಾಗ ಬಿಟ್ಟರು.

"ಕೂತ್ಕಳವ್ವ. ಎಲ್ಲಾ ಕೇಳ್ಸ್ತು. ಹೊಟ್ಟೆ ಉರೀತು ನಂಗೆ." ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಇನ್ನೂ ಒಳಗೇ ಕೂತವ್ನಾ?"

"ಒಳಗೇ ಇದ್ದಾನೆ," ಅಂದೆ. ಸುಳ್ಳೇನೂ ಆಗಿರಲಿಲ್ಲ.

"ಕಾಗದ ಪತ್ರ ಯಾರ ಹೆಸ್ರಲ್ಲೈತವ್ವ?"

"ನನ್ನ ಹೆಸರಲ್ಲೇ."

"ಮತ್ಯಾಕ್ ಬರೀ ಬೈಕಂಡು ಕೂತಿದ್ದೀಯ? ಹನ್ನೊಂದು ವರ್ಷ ಅಂದ್ಯಲ್ಲ. ಹನ್ನೆರಡು ತುಂಬಕ್ಕೆ ಮುಂಚೆ ತಕರಾರು ಹಾಕ್ಬುಡು. ಹನ್ನೆರಡು ತುಂಬ್ತು ಅಂದ್ರೆ, ಅನುಭವದಲ್ಲಿ ಇರೋನ್ಗ್ ಸೇರ್ತು ಜಾಗ ಅಂತದೆ ಕೋರ್ಟು. ಆಮ್ಯಾಕೆ ಅವನೇ ಯಜಮಾನ, ನೀನೇ ಅವನ ಮನೇಲಿ ಬಾಡಿಗೆಗಿದ್ದಂಗೆ."

ಇದೇ ಮಾತನ್ನು ನಾನು ಹೊಲಹೊಲದಲ್ಲಿ ನಿಂತು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಸ್ವಂತ ಜಾಗದ ವಿಷಯಕ್ಕೆ ಹೊಳೆದಿರಲಿಲ್ಲ. ನಗು ಬಂತು. ಬೆಂಚು ಹಿಡಿದುಕೊಂಡು, ಸೊಂಟ ಚಳುಕು ಹೊಡೆದರೂ ಬಿಡದೆ ನಕ್ಕೆ. ಆ ಹಿರಿಯರಿಗೆ ಕೈ ಮುಗಿದು, ವಾಪಸ್ ಒಳಗೆ ಹೋಗಿ ಹೇಳಿದೆ:

"ಮುಂದಿನ ವಾರ ಬೇಡ ಸಾರ್, ನಾಳೆಗೇ ಟೈಮ್ ಕೊಡಿ. ವಾಯಿದೆ ಮುಗೀತಾ ಬಂದಿದೆ."